ಅಪ್ಪನ ಯೆಜ್ಡಿ, ಮಣ್ಣಿನ ಟ್ರ್ಯಾಕು

ಯಮಹಾ ಆರ್‌ಎಕ್ಸ್ ಬೈಕ್ ಬಿಟ್ಟು ಹಳೇ ಯೆಜ್ಡಿಯಲ್ಲಿ ಮಣ್ಣಿನ ರೇಸ್ ಟ್ರ್ಯಾಕ್‌ಗೆ ಇಳಿಯುತ್ತೇನೆ ಅಂದಾಗ ಮೈಸೂರಿನ ನಮ್ಮ ಗ್ಯಾಂಗ್ ಪೂರ್ತಿ ನಕ್ಕಿತು. ಆರ್‌ಎಕ್ಸ್ ನೂರು ಕೆಜಿ ಚಿಲ್ಲರೆ, ಯೆಜ್ಡಿ ಅದಕ್ಕಿಂತ ಮೂವತ್ತು ಕೆಜಿಯಾದರೂ ಜಾಸ್ತಿ. ನಗದೆ ಇನ್ನೇನು ಮಾಡ್ತಾರೆ? ಕಳೆದ ಸೀಸನ್‌ನಲ್ಲಿ ಹಳೆ ಬೈಕ್‌ಗಳ ಕ್ಲಾಸ್‌ನಲ್ಲಿ ಎರಡನೇ ಸ್ಥಾನ ಬಂತು. ಈಗ ಅದೇ ಗ್ಯಾಂಗ್ ಸೆಟಪ್ ಕೇಳುತ್ತಿದೆ.

ಈ ಹುಚ್ಚು ಅಪ್ಪನದು. ಯೆಜ್ಡಿ ತಯಾರಾಗುತ್ತಿದ್ದ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಎಂಜಿನ್ ಜೋಡಿಸುತ್ತಿದ್ದರು, 1996ರಲ್ಲಿ ಅದು ಮುಚ್ಚುವವರೆಗೂ. ಮದ್ರಾಸ್ ಹತ್ತಿರದ ಶೋಲಾವರಂ ಟ್ರ್ಯಾಕಲ್ಲಿ ರೇಸ್ ಇದ್ದರೆ ಚಿಕ್ಕಪ್ಪನ ಜೊತೆ ಬೈಕಲ್ಲೇ ಮದ್ರಾಸಿಗೆ ಸವಾರಿ. ಬೇರೆಯವರ ಮನೇಲಿ ಊಟದ ಹೊತ್ತಿಗೆ ಕ್ರಿಕೆಟ್ ಮಾತು. ನಮ್ಮಲ್ಲಿ ಯಾರ ಸ್ಪಾರ್ಕ್ ಪ್ಲಗ್ ಬಿಸಿಗೆ ಬೆಳ್ಳಗಾಯ್ತು, ಯಾರ ಪಿಸ್ಟನ್ ಸಿಲಿಂಡರಲ್ಲೇ ಕಚ್ಚಿ ಹಿಡಿಯಿತು ಅನ್ನೋದೇ.

ಪವರ್ ಹೆಚ್ಚಿಸೋಕೆ ಎಲ್ಲರೂ ಮೊದಲು ಪೋರ್ಟ್, ಅಂದರೆ ಸಿಲಿಂಡರಿನ ಕಿಂಡಿಗಳನ್ನ, ಕೊರೆದು ದೊಡ್ಡದು ಮಾಡ್ತಾರೆ. ಅಪ್ಪ ಬೇಡ ಅಂದರು. ಮಣ್ಣಲ್ಲಿ ಬೇಕಿರೋದು ಕಮ್ಮಿ ವೇಗದಲ್ಲಿ ಎಳೆತ, ಕ್ರ್ಯಾಂಕ್‌ಕೇಸ್ (ಪಿಸ್ಟನ್ ಕೆಳಗಿನ ಗೂಡು) ಗಾಳಿ ಸೋರದಂತೆ ನೋಡ್ಕೋ ಸಾಕು ಅಂದರು. ಕಾರ್ಬ್ಯುರೇಟರ್ ಬಾಯಿ, ಎರಡೂ ಎಕ್ಸಾಸ್ಟ್ ರಬ್ಬರ್ ಹಾಕಿ ಮುಚ್ಚಿ, ಸೈಕಲ್ ಪಂಪಲ್ಲಿ ಮೆಲ್ಲಗೆ ಗಾಳಿ ಹೊಡೆದು, ಸೋಪುನೀರು ಹಚ್ಚಿದೆವು. ಡೈನಮೋ ಕಡೆಯ ಸೀಲ್ ಹತ್ತಿರ ಗುಳ್ಳೆಯೋ ಗುಳ್ಳೆ. ಹೊಸ ಸೀಲ್ ಅಂತ ಒಂದು ಅಂಗಡಿಯವ ಡೂಪ್ಲಿಕೇಟ್ ಕೊಟ್ಟ. ಎರಡನೇ ಪ್ರಾಕ್ಟೀಸಲ್ಲೇ ಗಾಳಿ ಎಳೆದು ಪಿಸ್ಟನ್ ಹಿಡಿಯಿತು. ರೀಬೋರ್ (ಸಿಲಿಂಡರ್ ಮತ್ತೆ ಕೊರೆಸೋದು), ಪಿಸ್ಟನ್, ರಿಂಗ್ ಸೇರಿ ಎಂಟೊಂಬತ್ತು ಸಾವಿರ ಹೋಯ್ತು. ಕ್ರ್ಯಾಂಕ್ ಬಿಚ್ಚಿ ಕೂರಿಸಿದ್ದಕ್ಕೆ ಇನ್ನೂ ಅಷ್ಟೇ. ಒಟ್ಟು ಐವತ್ತು ಸಾವಿರ ದಾಟಿರಬೇಕು. ಅಮ್ಮನಿಗೆ ಮೂವತ್ತು ಅಂತ ಹೇಳಿದ್ದೇನೆ.

ಎಳೆತ ಹೆಚ್ಚಲಿ ಅಂತ ಚೈನಿನ ಮುಂದಿನ ಸ್ಪ್ರಾಕೆಟ್‌ನಲ್ಲಿ ಎರಡು ಹಲ್ಲು ಕಮ್ಮಿ ಮಾಡಿದೆ. ಮಡ್‌ಗಾರ್ಡ್, ಟೂಲ್‌ಬಾಕ್ಸ್, ಸೀಟಿನ ಅರ್ಧ ಎಲ್ಲ ಕಳಚಿ ಹನ್ನೆರಡು ಕೆಜಿ ಇಳಿಸಿದೆ. ಸೆಮಿ-ಆಟೋ ಕ್ಲಚ್ ತೆಗೆದುಹಾಕು ಅಂತ ಎಷ್ಟೋ ಜನ ಹೇಳಿದರು. ನಾನು ಬಿಡಲಿಲ್ಲ. ಗೇರ್ ಲಿವರ್ ಒತ್ತಿದರೆ ಕ್ಲಚ್ ತಾನೇ ಬಿಡುತ್ತೆ, ತಿರುವಿನಲ್ಲಿ ಎಡಗೈ ಪೂರ್ತಿ ಹ್ಯಾಂಡಲ್ ಮೇಲಿರುತ್ತೆ. ಆರ್‌ಎಕ್ಸ್‌ನವರು ಲಿವರ್ ಹುಡುಕೋ ಹೊತ್ತಿಗೆ ನಾನು ಮುಂದೆ!

ಮಧ್ಯೆ ಪೆಟ್ರೋಲ್‌ಗೆ ಹರಳೆಣ್ಣೆ ಬೆರೆಸೋ ಪ್ರಯೋಗವೂ ನಡೆಯಿತು. ಹಳೇ ರೇಸಿನವರು ಹಾಕುತ್ತಿದ್ದರಲ್ವಾ, ನೋಡೋಣ ಅಂತ. ವಾಸನೆ ಮಜವಾಗಿತ್ತು, ಬೀದಿಯವರೆಲ್ಲ ಬಂದು ನೋಡಿದರು. ಆದರೆ ರಿಂಗ್ ಮೇಲೆ ಅಂಟು ಕೂತಿತು. ರಾತ್ರಿಯ ಚಳಿಗೆ ಟ್ಯಾಂಕ್‌ನಲ್ಲಿ ಎಣ್ಣೆ ಬೇರೆ, ಪೆಟ್ರೋಲ್ ಬೇರೆ. ಸುಮ್ನೆ ಟೂ-ಸ್ಟ್ರೋಕ್ ಬೈಕಿಗೆ ಹಾಕೋ 2ಟಿ ಆಯಿಲ್‌ಗೆ ವಾಪಸ್ ಬಂದೆ, ಸ್ವಲ್ಪ ಧಾರಾಳವಾಗಿ ಹಾಕುತ್ತೇನೆ ಅಷ್ಟೇ.

ಪ್ಲಗ್ ಕಿಡಿಯ ಟೈಮಿಂಗ್ ಎಷ್ಟಿಟ್ಟೆ, ಸೈಲೆನ್ಸರ್ ಒಳಗೆ ಏನು ಮಾಡಿದೆ ಅಂತ ಮಾತ್ರ ಕೇಳಬೇಡಿ. ಅದು ಅಪ್ಪನ ಆಸ್ತಿ, ಚಿಕ್ಕಪ್ಪನಿಗೂ ಗೊತ್ತಿಲ್ಲ. ಈಗ ಹಿಂದಿನ ಶಾಕ್ ಅಬ್ಸಾರ್ಬರ್ ಬದಲಾಯಿಸಬೇಕು. ಜೋಡಿಗೆ ಏಳು ಸಾವಿರ ಕೇಳುತ್ತಿದ್ದಾರೆ, ಐದಕ್ಕೆ ಇಳಿಸೋಕೆ ಅಪ್ಪನನ್ನೇ ಕಳಿಸಿದ್ದೇನೆ.