ಗಾಣಗಾಪುರದ ಮಧುಕರಿ: ನಾನು ನೀಡಿದ್ದು, ನಾನು ಬೇಡಿದ್ದು

ಗಾಣಗಾಪುರಕ್ಕೆ ಹೋದಮೇಲೆ ಮಧುಕರಿ ಮಾಡದೆ ಬರಬಾರದು ಅಂತ ನಮ್ಮ ಅತ್ತೆ ಹೇಳುತ್ತಿದ್ದರು. ಅಫಜಲಪುರ ತಾಲೂಕಿನ ಊರು ಅದು, ನಮ್ಮ ಕಲಬುರಗಿಗೆ ಹತ್ತಿರ. ಭೀಮಾ, ಅಮರ್ಜಾ ನದಿಗಳ ಸಂಗಮ ಅಲ್ಲಿದೆ. ಮಠದಲ್ಲಿ ನರಸಿಂಹ ಸರಸ್ವತಿ ಸ್ವಾಮಿಗಳ ನಿರ್ಗುಣ ಪಾದುಕೆಗಳಿವೆ. ಅವರನ್ನು ದತ್ತಾತ್ರೇಯರ ಅವತಾರ ಅಂತಾರೆ. ಮಧ್ಯಾಹ್ನ ಆ ದತ್ತ ಮಹಾರಾಜರು ಯಾವುದೋ ಒಂದು ವೇಷದಲ್ಲಿ ಭಿಕ್ಷೆಗೆ ಬರುತ್ತಾರೆ ಅನ್ನೋದು ಭಕ್ತರ ನಂಬಿಕೆ. ಅದಕ್ಕೇ ಅಲ್ಲಿ ಅಡುಗೆ ಮಾಡಿ ಬಂದವರಿಗೆಲ್ಲ ನೀಡುತ್ತಾರೆ. ಹಾಗೆ ನೀಡಿದವರೇ ಜೋಳಿಗೆ ಹಿಡಿದು ಕನಿಷ್ಠ ಐದು ಕಡೆ ಬೇಡಿ ಉಣ್ಣುತ್ತಾರೆ. ಹೀಗೆ ಬೇಡಿ ಉಣ್ಣುವುದೇ ಮಧುಕರಿ.

ನನ್ನ ತಯಾರಿ ಹಿಂದಿನ ದಿನವೇ ಶುರು. ಜೋಳದ ರೊಟ್ಟಿ ತೆಳ್ಳಗೆ ಬಡಿದು, ಖಡಕ್ ಮಾಡಿ ಬಟ್ಟೆಯಲ್ಲಿ ಕಟ್ಟುತ್ತೇನೆ. ಶೇಂಗಾ ಹಿಂಡಿ ಡಬ್ಬಿಯಲ್ಲಿ. ಅನ್ನ, ಬ್ಯಾಳಿ, ಬದನೆಕಾಯಿ ಪಲ್ಯ, ಸಜ್ಜಕ ಅಲ್ಲೇ ಬಿಸಿಯಾಗಿ ಮಾಡುತ್ತೇನೆ. ತೊಗರಿ ಬ್ಯಾಳಿ ನಮ್ಮ ಹೊಲದ್ದೇ. ಮಾರಲು ಎತ್ತಿಟ್ಟ ಒಳ್ಳೆ ಚೀಲದಿಂದಲೇ ತೆಗೆಯುತ್ತೇನೆ, ನುಚ್ಚು ಒಯ್ಯುವುದಿಲ್ಲ. ನೈವೇದ್ಯ ಆಗುವವರೆಗೆ ರುಚಿ ನೋಡುವ ಹಾಗಿಲ್ಲ, ಉಪ್ಪು ಅಂದಾಜಿನ ಮೇಲೆ.

ಒಬ್ಬರಿಗೆ ಅರ್ಧ ರೊಟ್ಟಿ, ಒಂದು ಚಮಚ ಪಲ್ಯ ಸಾಕು. ಅವರು ಇನ್ನೂ ನಾಲ್ಕು ಕಡೆ ಹೋಗಬೇಕಲ್ವಾ? ಯಾವ ಊರು, ಯಾವ ಮಂದಿ, ಉಂಡಿದ್ದೀರಾ ಅಂತ ಯಾರನ್ನೂ ಕೇಳುವುದಿಲ್ಲ. ಕೈಯೊಡ್ಡಿದವರು ಯಾರೋ ಗೊತ್ತಿಲ್ಲದೆ ನೀಡುವುದರಲ್ಲೇ ಈ ಸೇವೆಯ ಜೀವ ಇದೆ.

ಬೇಡುವುದು ಮಾತ್ರ ನನಗೆ ಭಾಳ ಕಷ್ಟವಾಯಿತು. 'ಭವತಿ ಭಿಕ್ಷಾಂ ದೇಹಿ' ಅನ್ನಲು ಬಾಯೇ ಬರಲಿಲ್ಲ. ಜೋಳಿಗೆ ಚಾಚಿ ಸುಮ್ನೆ ನಿಂತೆ. "ತಗೋ ಯವ್ವಾ, ಮಹಾರಾಜರು ಕೊಟ್ಟಾರ" ಅಂತ ಒಬ್ಬ ಮುದುಕಿ ಬಗ್ಗಿ ಹಿಡಿ ಅನ್ನ ಹಾಕಿದರು. ಇನ್ನೊಬ್ಬರು ಚಪಾತಿ ಚೂರು, ಮತ್ತೊಬ್ಬರು ಬುಂದಿ. ಎಲ್ಲ ಕಲೆತುಹೋಗಿತ್ತು. ಬೇಕಾದ್ದು ಆರಿಸಿ, ಬೇಡಾದ್ದು ಬಿಡುವ ಹಾಗಿಲ್ಲ. ಅಷ್ಟನ್ನೂ ಉಂಡೆ. ಆಮೇಲೆ ನಾನು ನೀಡುವ ರೀತಿಯೇ ಬದಲಾಯಿತು. ಆ ಮುದುಕಿಯ ಹಾಗೆ ಬಗ್ಗಿಯೇ ನೀಡುತ್ತೇನೆ. ಎಷ್ಟು ಮಂದಿಗೆ ನೀಡಿದೆ ಅಂತ ಎಣಿಸುವುದನ್ನೂ ಬಿಟ್ಟೆ.

ದುಡ್ಡು ಕಟ್ಟಿ ಅನ್ನದಾನದ ರಸೀದಿ ಮಾಡಿಸುವುದೂ ಒಳ್ಳೆಯದೇ, ಬರಲಾಗದವರು ಇನ್ನೇನು ಮಾಡಬೇಕು? ಆದರೆ ಬಂದವರು ನೀಡುವುದು, ಬೇಡುವುದು ಎರಡನ್ನೂ ಮಾಡಿ. ನೀಡುವುದಷ್ಟೇ ಮಾಡಿದರೆ ಕೊಡುವವರು ನಾವೇ ಅನ್ನೋ ಭಾವ ಹೋಗುವುದಿಲ್ಲ.

ಹನ್ನೆರಡರೊಳಗೆ ಅಡುಗೆ ಇಳಿಸಿಕೊಳ್ಳಿ. ಹುಣ್ಣಿಮೆಗೆ ಗದ್ದಲ ಜಾಸ್ತಿ. ಆಗ ರೊಟ್ಟಿಯನ್ನು ಇನ್ನೂ ಸಣ್ಣಗೆ ಮುರಿದುಕೊಳ್ಳಿ. ಕೊನೆಗೆ ಬಂದವರಿಗೂ ಒಂದು ತುಣುಕು ಇರಬೇಕು.