ಪೀಚ್–ಬಾವಲಿ ಹೂದಾನಿ: ನಾನು ಪರೀಕ್ಷಿಸುವ ಬಗೆ

ಹಳೆಯ ಚೀನೀ ಪಿಂಗಾಣಿ ಕೈಗೆ ಬಂದರೆ ಚಿತ್ರವನ್ನು ನಾನು ಕೊನೆಗೆ ನೋಡುತ್ತೇನೆ. ಒಳ್ಳೆ ಕೈಯಿದ್ದರೆ ಚಿತ್ರ ನಕಲಾಗುತ್ತದೆ. ಬುಡ ಅಷ್ಟು ಸುಲಭವಾಗಿ ಆಗುವುದಿಲ್ಲ. ಇಲ್ಲಿ ಹೇಳುವುದು ಪೀಚ್ ಹಣ್ಣು, ಕೆಂಪು ಬಾವಲಿಗಳ ಚಿತ್ರವಿರುವ, ಗುಂಡು ಹೊಟ್ಟೆ ಉದ್ದ ಕತ್ತಿನ ಹೂದಾನಿಯ ವಿಚಾರ. ಚೀನೀಯರು ಈ ಆಕಾರವನ್ನು ‘ತ್ಯೆನ್‌ಚ್ಯೂ ಪಿಂಗ್’ ಎನ್ನುತ್ತಾರೆ, ಅಂದರೆ ಆಕಾಶಗೋಳದ ಹೂದಾನಿ. ಚ್ಯೆನ್‌ಲುಂಗ್ ದೊರೆಯ ಕಾಲದಲ್ಲಿ (1736–1795) ಜಿಂಗ್‌ದೆಝೆನ್‌ನ (ಚೀನಾದ ಪಿಂಗಾಣಿ ಊರು) ಅರಮನೆ ಆವಿಗೆಗಳಲ್ಲಿ ಬೆಂದ ಈ ಮಾದರಿಯನ್ನು ಗುವಾಂಗ್‌ಶು ದೊರೆಯ ಕಾಲದಲ್ಲಿ (1875–1908) ಮತ್ತೆ ಮಾಡಿದರು, ಆಮೇಲೂ ಮಾಡುತ್ತಲೇ ಬಂದಿದ್ದಾರೆ.

ಮೊದಲು ಮೇಜಿಗೆ ದಪ್ಪ ಟವೆಲ್ ಹಾಸಿ, ಉಂಗುರ, ಬಳೆ, ವಾಚು ತೆಗೆದಿಡುತ್ತೇನೆ. ಹತ್ತಿಯ ಕೈಗವಸು ಜಾರುತ್ತದೆ, ತೊಳೆದು ಒರೆಸಿದ ಬರಿಗೈ ಮೇಲು. ಕತ್ತು ಹಿಡಿದು ಎತ್ತುವುದೇ ಇಲ್ಲ: ಇಂಥ ಹೂದಾನಿಯನ್ನು ಭಾಗಭಾಗವಾಗಿ ತಿರುಗಿಸಿ ಹಸಿ ಜೇಡಿಯಿಂದ ಬೆಸೆದಿರುತ್ತಾರೆ, ಕತ್ತು ಮುರಿದು ಅಂಟಿಸಿದ್ದೂ ಅಪರೂಪವಲ್ಲ. ಒಳಗೆ ಟಾರ್ಚ್ ಬಿಟ್ಟು ಬೆರಳಾಡಿಸಿದರೆ ಬೆಸುಗೆಯ ಅಡ್ಡ ಏಣು ಸಾಮಾನ್ಯವಾಗಿ ಸಿಗುತ್ತದೆ. ಒಳಮೈ ಹೊರಮೈಯ ಪಡಿಯಚ್ಚಿನಂತೆ ನುಣ್ಣಗಿದ್ದರೆ ಅಚ್ಚಿಗೆ ಸುರಿದು ತೆಗೆದ ಹೊಸ ಮಾಲು ಎಂದು ಶಂಕಿಸಬೇಕು.

ಮುಖ್ಯ ಕೆಲಸ ಪಾದದ ಅಂಚಿನಲ್ಲಿ. ಗಾಜಿನಂಥ ಮೆರುಗು ಲೇಪವಿಲ್ಲದ ಆ ಅಂಚು ಬೆಳ್ಳಗೆ, ಕಣ ಸಣ್ಣಗೆ ಇರಬೇಕು. ಮೆರುಗು ನಿಲ್ಲುವ ಗೆರೆಯಲ್ಲಿ ಬೆಂಕಿಯಿಂದ ಬಂದ ತೆಳು ಕಿತ್ತಳೆ ಛಾಯೆ ಇರಬಹುದು. ಚಹಾ ಕಷಾಯವೋ ಕಬ್ಬಿಣದ ನೀರೋ ಬಳಿದು ‘ಹಳತು’ ಮಾಡಿದ್ದರೆ ಕಂದು ಎಲ್ಲ ಕಡೆ ಒಂದೇ ಸಮನಾಗಿರುತ್ತದೆ, ಗುಳಿಗಳಲ್ಲಿ ಮಡುಗಟ್ಟಿರುತ್ತದೆ. ಒದ್ದೆ ಹತ್ತಿ ತೀಡಿದರೆ ಒಮ್ಮೊಮ್ಮೆ ಹತ್ತಿಗೇ ಬರುತ್ತದೆ. ಸವೆತದ ಗೀರುಗಳು ದಿಕ್ಕುದೆಸೆಯಿಲ್ಲದೆ ಹರಡಿರಬೇಕು. ಒಂದೇ ದಿಕ್ಕಿಗೆ ಸಾಲಾಗಿದ್ದರೆ ಅದು ಉಪ್ಪುಕಾಗದದ ಕೆಲಸ.

ತಳದ ಮುದ್ರೆಯಿಂದಲೇ ಕಾಲ ಹೇಳುವ ಹಾಗಿಲ್ಲ. ಆರು ಅಕ್ಷರವನ್ನು ಮೇಲಿಂದ ಕೆಳಕ್ಕೆ, ಬಲದಿಂದ ಎಡಕ್ಕೆ ಓದಬೇಕು. ರಾಜವಂಶ, ದೊರೆ, ಕೊನೆಗೆ ‘ಕಾಲದಲ್ಲಿ ಮಾಡಿದ್ದು’. ಆದರೆ 19ನೇ ಶತಮಾನದ ಕುಶಲಕರ್ಮಿಗಳು ಕಾಂಗ್‌ಶಿ ದೊರೆಯ (1662–1722) ಹೆಸರನ್ನು ಗೌರವಕ್ಕೆಂದೂ ಬರೆಯುತ್ತಿದ್ದರು, ಮೋಸಕ್ಕೇ ಅಲ್ಲ. ರೋಮನ್ ಅಕ್ಷರದಲ್ಲಿ ‘ಚೈನಾ’ ಎಂದಿದ್ದರೆ 1891ರ ಈಚಿನದೆಂದು ಹಿಡಿಯಬಹುದು: ಮೂಲ ದೇಶದ ಹೆಸರಿರಬೇಕೆಂದು ಅಮೆರಿಕದ ಕಾನೂನು ಜಾರಿಗೆ ಬಂದದ್ದು ಆಗ.

ರಿಪೇರಿ ಹುಡುಕಲು ಬೆರಳಿನ ಗಿಣ್ಣಿನಿಂದ ಮೆಲ್ಲಗೆ ತಟ್ಟುತ್ತೇನೆ. ಮಂಕು ಸದ್ದು ಬಂದರೆ ಎಲ್ಲೋ ಬಿರುಕಿದೆ. ಆಮೇಲೆ ಕತ್ತಲೆಯಲ್ಲಿ 365 ನ್ಯಾನೋಮೀಟರ್‌ನ ಅತಿನೇರಳೆ ಟಾರ್ಚ್. ಮೇಲೆ ಬಳಿದ ಬಣ್ಣವೂ ಎಪಾಕ್ಸಿ ಎಂಬ ರಾಳದ ಅಂಟೂ ಸುತ್ತಲಿನ ಪಿಂಗಾಣಿಗಿಂತ ಬೇರೆಯಾಗಿ, ಹಲವು ಸಲ ಹಾಲುಬಿಳುಪಾಗಿ ಹೊಳೆಯುತ್ತವೆ. ಕೆನ್ನೆಗೆ ತಾಗಿಸಿದರೂ ತಿಳಿಯುತ್ತದೆ: ಪಿಂಗಾಣಿ ತಣ್ಣಗೆ, ರಾಳ ಬೆಚ್ಚಗೆ. ತಳದಲ್ಲಿ ಬೈರಿಗೆ ತೂತು ಇದೆಯೇ ಎಂದೂ ನೋಡಬೇಕು, ಎಷ್ಟೋ ಹೂದಾನಿಗಳು ಪಶ್ಚಿಮದ ಮನೆಗಳಲ್ಲಿ ದೀಪದ ಕಂಬಗಳಾಗಿದ್ದವು. 2002ರಲ್ಲಿ ಹಾಂಗ್‌ಕಾಂಗ್‌ನಲ್ಲಿ 4 ಕೋಟಿ ಹಾಂಗ್‌ಕಾಂಗ್ ಡಾಲರ್ ದಾಟಿ ಹರಾಜಾಗಿ, ಈಗ ಶಾಂಘೈ ಮ್ಯೂಸಿಯಮ್ಮಿನಲ್ಲಿರುವ, ಚ್ಯೆನ್‌ಲುಂಗ್‌ನ ತಂದೆ ಯುಂಗ್‌ಝೆಂಗ್ ದೊರೆಯ ಕಾಲದ ಪೀಚ್ ಹೂದಾನಿಯೂ ಹಾಗೆ ದೀಪ ಹೊತ್ತಿತ್ತು.

ಈಗ ಚಿತ್ರ. ಇದು ಅಪ್ಪಟ ಶ್ಲೇಷೆ. ಬಾವಲಿಗೆ ‘ಫು’, ಸೌಭಾಗ್ಯಕ್ಕೂ ‘ಫು’. ಕೆಂಪಿಗೆ ‘ಹೊಂಗ್’, ಅಪಾರಕ್ಕೂ ‘ಹೊಂಗ್’. ಹಾಗಾಗಿ ಕೆಂಪು ಬಾವಲಿ ಎಂದರೆ ಅಪಾರ ಸೌಭಾಗ್ಯ. ನಮ್ಮಲ್ಲಿ ಮನೆಯೊಳಗೆ ಬಾವಲಿ ಹೊಕ್ಕರೆ ಅಪಶಕುನ ಎನ್ನುವವರಿಗೆ ಇದು ವಿಚಿತ್ರವೇ. ಐದು ಬಾವಲಿ ಎಂದರೆ ಆಯುಷ್ಯ, ಸಂಪತ್ತು, ಆರೋಗ್ಯ, ಸದ್ಗುಣ, ಸುಖಮರಣ. ಪೀಚ್ ದೀರ್ಘಾಯುಷ್ಯದ್ದು. ಯುಂಗ್‌ಝೆಂಗ್ ಕಾಲಕ್ಕೆ ಎಂಟು, ಚ್ಯೆನ್‌ಲುಂಗ್ ಕಾಲಕ್ಕೆ ಒಂಬತ್ತು ಪೀಚ್ ಎಂಬುದು ಸಂಗ್ರಾಹಕರ ರೂಢಿಮಾತು, ಅಪವಾದಗಳಿವೆ. ಎಣಿಸಿದ ಮೇಲೆ ಹತ್ತು ಪಟ್ಟಿನ ಭೂತಗನ್ನಡಿ. ಪೀಚಿನ ಗುಲಾಬಿ ಬಣ್ಣ ಚಿನ್ನದಿಂದ ಬಂದದ್ದು, ಕುಂಚದ ಜಾಡು, ಚುಕ್ಕಿಯ ಏರಿಳಿತ ಕಾಣಬೇಕು. ಮುದ್ರಿತ ಪತ್ರಿಕೆಯ ಫೋಟೋದಂತೆ ಸಮಚುಕ್ಕಿ ಕಂಡರೆ ಅದು ಅಂಟಿಸಿದ ಚಿತ್ರ, ಅಲ್ಲಿಗೆ ಮಾತು ಮುಗಿಯಿತು.

ತೊಳೆಯುವಾಗ ಮೊದಲು ಹಾಳಾಗುವುದೂ ಬಾವಲಿಯೇ. ಕಬ್ಬಿಣದ ಕೆಂಪು ತೀರಾ ತೆಳುವಾಗಿ ಮೆರುಗಿನ ಮೇಲೆ ಕೂತಿರುತ್ತದೆ, ಚಿನ್ನದ ಗೆರೆಯೂ ಹಾಗೆ. ಹಿತ್ತಾಳೆಗೆ ತಿಕ್ಕುವ ಹುಣಸೆಹಣ್ಣು, ನಿಂಬೆ, ವಿನೆಗರ್ ಹತ್ತಿರ ತರಬೇಡಿ, ಆಮ್ಲ ಮೇಲ್ಬಣ್ಣವನ್ನು ತಿನ್ನುತ್ತದೆ. ಬ್ಲೀಚ್ ಬಿರುಕಿನೊಳಗೆ ಲವಣ ಬಿಡುತ್ತದೆ. ಒಂದು ಲೀಟರ್ ಡಿಸ್ಟಿಲ್ಡ್ ನೀರಿಗೆ ಎರಡು ಮೂರು ಹನಿ ಸೌಮ್ಯ, ಪರಿಮಳವಿಲ್ಲದ ಮಾರ್ಜಕ ಸಾಕು. ಹತ್ತಿಯನ್ನು ತಿಕ್ಕದೆ ಉರುಳಿಸುತ್ತ, ಕೊಳೆಯಾದೊಡನೆ ಬದಲಿಸುತ್ತ ಹೋಗುತ್ತೇನೆ. ನೀರಲ್ಲಿ ಮುಳುಗಿಸುವುದಿಲ್ಲ, ಹಳೆಯ ಅಂಟು ಬಿಟ್ಟುಕೊಂಡೀತು. ಕೊನೆಗೆ ಬರೀ ಡಿಸ್ಟಿಲ್ಡ್ ನೀರಿನ ಹತ್ತಿ, ಆಮೇಲೆ ನೆರಳಲ್ಲಿ ಒಂದು ದಿನ.