ಬ್ರಿಕ್ ಲೇನ್, ಶೋರ್‌ಡಿಚ್: ಯಾವುದನ್ನು ಯಾವ ಹೊತ್ತಿಗೆ ನೋಡಬೇಕು

ಪೂರ್ವ ಲಂಡನ್ನಿನ ಈ ಭಾಗಕ್ಕೆ ಬರುವವರು ಗೋಡೆಚಿತ್ರ, ಸಂತೆ, ರಾತ್ರಿ ಮೋಜು ಮೂರನ್ನೂ ಒಂದೇ ದಿನಕ್ಕೆ ತುರುಕಲು ಹೋಗಿ ಯಾವುದನ್ನೂ ಸರಿಯಾಗಿ ನೋಡುವುದಿಲ್ಲ. ಸಂತೆ ಕಳೆಗಟ್ಟುವುದು ಭಾನುವಾರ. ರಾತ್ರಿಯಿಡೀ ರೈಲು ಓಡುವುದು ಶುಕ್ರವಾರ, ಶನಿವಾರ ಮಾತ್ರ. ಹಾಗಾಗಿ ಶನಿವಾರ ಸಂಜೆ ಒಂದು ಸುತ್ತು, ಭಾನುವಾರ ಬೆಳಿಗ್ಗೆ ಇನ್ನೊಂದು ಸುತ್ತು ಹಾಕಿ.

ಶನಿವಾರ ಶೋರ್‌ಡಿಚ್ ಹೈ ಸ್ಟ್ರೀಟ್ ನಿಲ್ದಾಣದಲ್ಲಿ ಇಳಿಯಿರಿ. ಹತ್ತಿರದ ಹಾಲಿವೆಲ್ ಲೇನಿನಲ್ಲಿ ವಿಲೇಜ್ ಅಂಡರ್‌ಗ್ರೌಂಡ್ ಇದೆ. ಚಾವಣಿಯ ಮೇಲೆ ಹಳೆಯ ಟ್ಯೂಬ್ (ಲಂಡನ್ನಿನ ಮೆಟ್ರೊ) ರೈಲಿನ ಬೋಗಿಗಳಿರುವ ಸಂಗೀತ ತಾಣ. ಕ್ಲಬ್ಬಿಗೆ ಹೋಗುವುದಿದ್ದರೆ ಪಾಸ್‌ಪೋರ್ಟ್ ಜೊತೆಗಿರಲಿ. ಕುಡಿಯುವ ವಯಸ್ಸು 18 ಆದರೂ 25ಕ್ಕಿಂತ ಚಿಕ್ಕವರಂತೆ ಕಂಡರೆ ಗುರುತಿನ ಚೀಟಿ ಕೇಳುತ್ತಾರೆ, ಫೋನಿನಲ್ಲಿರುವ ಫೋಟೊವನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ.

ಮನೆಗೆ ಮರಳುವಾಗ ಎಡವುವವರೇ ಹೆಚ್ಚು. ಓಲ್ಡ್ ಸ್ಟ್ರೀಟ್ ನಿಲ್ದಾಣ ಟ್ಯೂಬಿನ ನಾರ್ದರ್ನ್ ಲೈನಿನಲ್ಲಿದೆ, ಆ ಲೈನಿನಲ್ಲಿ ರಾತ್ರಿ ರೈಲೂ ಉಂಟು. ಆದರೆ ಅದು ಚೇರಿಂಗ್ ಕ್ರಾಸ್ ಕವಲಿನಲ್ಲಿ ಓಡುತ್ತದೆ, ಓಲ್ಡ್ ಸ್ಟ್ರೀಟ್ ಇರುವುದು ಬ್ಯಾಂಕ್ ಕವಲಿನಲ್ಲಿ. ರಾತ್ರಿ ಎರಡಕ್ಕೆ ಅಲ್ಲಿಗೆ ಹೋದರೆ ಮುಚ್ಚಿದ ಗೇಟು ಕಾಣುತ್ತದೆ. ಅದರ ಬದಲು, ರಾತ್ರಿ ರೈಲಿರುವ ಸೆಂಟ್ರಲ್ ಲೈನ್ ಹಿಡಿಯಲು ಲಿವರ್‌ಪೂಲ್ ಸ್ಟ್ರೀಟ್ ನಿಲ್ದಾಣಕ್ಕೆ ನಡೆಯಿರಿ. ದಾರಿಯಲ್ಲಿ ಫೋನ್ ಹಿಡಿದು ಫುಟ್‌ಪಾತಿನ ಅಂಚಿನಲ್ಲಿ ನಿಲ್ಲಬೇಡಿ. ಬೈಕಿನಲ್ಲಿ ಬಂದು ಕಿತ್ತುಕೊಂಡು ಹೋಗುತ್ತಾರೆ. ಹಸಿವಾದರೆ ಬ್ರಿಕ್ ಲೇನಿನ ಬೇಗಲ್ ಬೇಕ್ ಎಂಬ ಬೇಕರಿ 24 ಗಂಟೆಯೂ ತೆರೆದಿರುತ್ತದೆ.

ಭಾನುವಾರ ಎಂಟೂವರೆಯ ಹೊತ್ತಿಗೆ ಕೊಲಂಬಿಯಾ ರೋಡಿನ ಹೂವಿನ ಸಂತೆ ತಲುಪಿ, ಹತ್ತಿರದ ನಿಲ್ದಾಣ ಹಾಕ್ಸ್‌ಟನ್. ಹತ್ತರ ಮೇಲೆ ಅಲ್ಲಿ ಕಾಲಿಡಲೂ ಜಾಗವಿರುವುದಿಲ್ಲ. ಒಂಬತ್ತೂವರೆಗೆಲ್ಲ ಬ್ರಿಕ್ ಲೇನಿಗೆ ಬಂದುಬಿಡಿ. ಈ ಆತುರಕ್ಕೆ ಕಾರಣವಿದೆ: ಇಲ್ಲಿನ ಎಷ್ಟೋ ಚಿತ್ರಗಳು ಅಂಗಡಿಗಳ ಶಟರ್ ಮೇಲಿವೆ, ಅಂಗಡಿ ತೆರೆದರೆ ಚಿತ್ರವೂ ಸುತ್ತಿಕೊಂಡು ಮೇಲೆ ಹೋಗುತ್ತದೆ.

ರೆಡ್‌ಚರ್ಚ್ ಸ್ಟ್ರೀಟ್, ಸ್ಕ್ಲೇಟರ್ ಸ್ಟ್ರೀಟ್ ಮುಗಿಸಿ ದಕ್ಷಿಣಕ್ಕೆ ಬನ್ನಿ. ಹ್ಯಾನ್‌ಬರಿ ಸ್ಟ್ರೀಟಿನ ಮೂಲೆಯಲ್ಲಿ ತಲೆಯೆತ್ತಿದರೆ ಬೆಲ್ಜಿಯಂನ ಗೋಡೆಚಿತ್ರ ಕಲಾವಿದ ರೋವಾ 2010ರಲ್ಲಿ ಬರೆದ, ಕಟ್ಟಡದೆತ್ತರದ ಕೊಕ್ಕರೆ. ಪ್ರಿನ್ಸ್‌ಲೆಟ್ ಸ್ಟ್ರೀಟಿನಲ್ಲಿ ಸ್ಟಿಕ್ ಎಂಬ ಕಲಾವಿದ ಬರೆದ, ಕೈಕೈ ಹಿಡಿದ ಜೋಡಿ. ಅದರಲ್ಲೊಬ್ಬಳು ನಿಖಾಬ್ ಧರಿಸಿದ್ದಾಳೆ. ಇವು ವರ್ಷಗಟ್ಟಲೆ ಉಳಿದವು. ಮಿಕ್ಕ ಚಿತ್ರಗಳ ಮೇಲೆ ಕೆಲವೇ ದಿನಗಳಲ್ಲಿ ಬೇರೊಬ್ಬರು ಬಣ್ಣ ಬಳಿಯುತ್ತಾರೆ, ಹಾಗಾಗಿ ಕಳೆದ ವರ್ಷದ ನಕಾಶೆ ನಂಬಿ ಅಲೆಯಬೇಡಿ. ಬ್ರಿಕ್ ಲೇನಿನಲ್ಲೇ ಇರುವ ಜಮ್ಮೆ ಮಸೀದಿಯನ್ನೂ ಬಿಡಬೇಡಿ. 1743ರಲ್ಲಿ ಫ್ರೆಂಚ್ ಪ್ರಾಟೆಸ್ಟಂಟರ ಚರ್ಚಾಗಿ ಕಟ್ಟಿದ ಇದು 1898ರಲ್ಲಿ ಯಹೂದಿಗಳ ಪ್ರಾರ್ಥನಾ ಮಂದಿರವಾಯಿತು, 1976ರಲ್ಲಿ ಮಸೀದಿಯಾಯಿತು. ಚಿತ್ರಗಳಂತೆ ಕಟ್ಟಡವೂ ಕೈ ಬದಲಿಸಿದೆ.

ಹನ್ನೊಂದರ ಮೇಲೆ ಬ್ರಿಕ್ ಲೇನಿನ ಹಳೆಯ ಬಿಯರ್ ಕಾರ್ಖಾನೆ ಓಲ್ಡ್ ಟ್ರೂಮನ್ ಬ್ರೂವರಿಯೊಳಗಿನ ಸಂತೆಗಳಿಗೆ ನುಗ್ಗಿ. ಹಳೆಯ ಬಟ್ಟೆ ಕೊಳ್ಳುವಾಗ ಚೀಟಿಯ ಮೇಲಿನ ಅಳತೆ ನಂಬಬೇಡಿ, ದಶಕಗಳ ಹಿಂದಿನ ಸೈಜು ಇಂದಿನದಕ್ಕಿಂತ ಚಿಕ್ಕದು. ತೊಟ್ಟೇ ನೋಡಿ. ಕಂಕುಳ ಕಲೆ, ಜಿಪ್, ಒಳ ಅಸ್ತರಿಯ ಹೊಲಿಗೆ ಬೆಳಕಿಗೆ ಹಿಡಿದು ಪರೀಕ್ಷಿಸಿ. ನಿಮ್ಮ ಮನಸ್ಸು ಬದಲಾಯಿತೆಂದು ದೋಷವಿಲ್ಲದ ಮಾಲನ್ನು ಅಂಗಡಿಯವರು ವಾಪಸ್ ಪಡೆಯಲೇಬೇಕೆಂಬ ಕಾನೂನು ಅಲ್ಲಿಲ್ಲ.

ಹೂವು ಬೇಕಿದ್ದರೆ ಮಾತ್ರ ಬೆಳಿಗ್ಗೆಯೇ ಕೊಳ್ಳಬೇಡಿ. ದಿನವಿಡೀ ಹೊರುವ ಕಷ್ಟ ಒಂದು, ಎರಡೂವರೆಯ ಸುಮಾರಿಗೆ ಅಂಗಡಿ ಎತ್ತುವ ಮುನ್ನ ಅವರೇ ಬೆಲೆ ಇಳಿಸಿ ಕೂಗುತ್ತಾರೆ.